ಜಿರೋ ಉತ್ಸವದ ಮಳೆ, ಕೆಸರು: ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ

ಪ್ರಶ್ನೆ: ಸೆಪ್ಟೆಂಬರ್ ಕೊನೆಗೆ ಅರುಣಾಚಲದ ಜಿರೋ ಸಂಗೀತ ಉತ್ಸವಕ್ಕೆ ಬೆಂಗಳೂರಿನಿಂದ ನಾಲ್ವರು ಹೊರಟಿದ್ದೇವೆ. ಪಾಸು, ವಿಮಾನದ ಟಿಕೆಟ್ ಎಲ್ಲ ಆಗಿದೆ. ಈಗ ಹೋಗಿಬಂದವರು ‘ನಾಲ್ಕೂ ದಿನ ಮಳೆ, ಮೊಣಕಾಲಿನವರೆಗೆ ಕೆಸರು’ ಎನ್ನುತ್ತಿದ್ದಾರೆ. ನಾನು ಆರು ಸಾವಿರ ಕೊಟ್ಟು ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಶೂ ತೆಗೆದುಕೊಂಡಿದ್ದೇನೆ, ಗೆಳೆಯ ಗಮ್‌ಬೂಟೇ ಬೇಕು ಅನ್ನುತ್ತಾನೆ. ನಮ್ಮ ಟೆಂಟಿನ ಮೇಲೆ ‘2,000 ಮಿ.ಮೀ. ವಾಟರ್‌ಪ್ರೂಫ್’ ಎಂದು ಬರೆದಿದೆ. ಆದರೂ ಹೋದ ವರ್ಷ ಚಿಕ್ಕಮಗಳೂರಿನಲ್ಲಿ ಬೆಳಗಾಗುವಷ್ಟರಲ್ಲಿ ಒಳಗೆಲ್ಲ ನೀರು, ಸ್ಲೀಪಿಂಗ್ ಬ್ಯಾಗ್ ಕಾಲಿನ ಕಡೆ ತೊಯ್ದು ಹೋಗಿತ್ತು. ನಮ್ಮಲ್ಲೊಬ್ಬಳಿಗೆ ವೀಸಿಂಗ್ ಇದೆ. ಅಮ್ಮ ‘ನೆನೆದರೆ ನ್ಯುಮೋನಿಯಾ ಆಗುತ್ತದೆ’ ಎನ್ನುತ್ತಾರೆ. ಸಿಡಿಲು, ಫೋನು ಇವುಗಳ ಯೋಚನೆಯೂ ಇದೆ. ಹೋಗುವುದೋ, ಕೈಬಿಡುವುದೋ?

ಉತ್ತರ: ಹೋಗಿ. ಆದರೆ ಒಣಗಿಕೊಂಡೇ ಇರುತ್ತೇನೆ ಎಂಬ ಆಸೆಯನ್ನು ಬೆಂಗಳೂರಲ್ಲೇ ಬಿಟ್ಟು ಹೋಗಿ. ಹಗಲು ನೆನೆಯುವುದರಿಂದ ಏನೂ ಕೆಡುವುದಿಲ್ಲ. ನೆನೆದ ಮೈಯಲ್ಲಿ, ನೆನೆದ ಕಾಲ್ಚೀಲದಲ್ಲಿ ರಾತ್ರಿ ಕಳೆಯುವುದರಿಂದ ಕೆಡುತ್ತದೆ. ನಿಮ್ಮ ತಯಾರಿಯೆಲ್ಲ ಮಳೆ ತಡೆಯುವುದಕ್ಕಿಂತ ಹೆಚ್ಚಾಗಿ, ರಾತ್ರಿ ಎಂಟು ಗಂಟೆ ಒಣಗಿರುವುದರ ಕಡೆಗೆ ಇರಲಿ.

ಜಿರೋ ಕಣಿವೆ ಇರುವುದು 1,500 ಮೀಟರಿಗೂ ಎತ್ತರದಲ್ಲಿ. ಸುತ್ತ ಗುಡ್ಡ, ನಡುವೆ ತಟ್ಟೆಯಂಥ ಬಯಲು, ಬಯಲ ತುಂಬ ಅಪತಾನಿ ಜನರ ಭತ್ತದ ಗದ್ದೆ. 2012ರಲ್ಲಿ ಶುರುವಾದ ಈ ಉತ್ಸವ ನಡೆಯುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಈಶಾನ್ಯದಿಂದ ಮುಂಗಾರು ಹಿಂದೆ ಸರಿಯುವುದು ಅಕ್ಟೋಬರ್‌ನಲ್ಲಿ. ಹಾಗಾಗಿ ಅಲ್ಲಿ ಮಳೆ ಅನಿರೀಕ್ಷಿತವಲ್ಲ, ಮಳೆಯಿಲ್ಲದ ದಿನವೇ ಬೋನಸ್ಸು. ಕೆಸರಿನ ಕಾರಣವೂ ನಮಗೆ ಹೊಸದಲ್ಲ. ನಾಟಿಗೆ ಮುಂಚೆ ಗದ್ದೆಗೆ ನೀರು ಕಟ್ಟಿ ತುಳಿದು ತುಳಿದು ಹದ ಮಾಡುತ್ತೇವಲ್ಲ, ಸಾವಿರಾರು ಜೋಡಿ ಕಾಲು ಸೇರಿ ಮೈದಾನಕ್ಕೆ ಮಾಡುವುದು ಅದನ್ನೇ. ಜೇಡಿ ಮಣ್ಣಿನ ಕಣಗಳ ನಡುವಿನ ಗಾಳಿ ಹೋಗಿ ನೀರು ಇಂಗುವ ದಾರಿ ಮುಚ್ಚುತ್ತದೆ. ಆಮೇಲೆ ಮಳೆ ನಿಂತರೂ ಕೆಸರು ನಿಲ್ಲುವುದಿಲ್ಲ.

ಕೆಸರು ಎಲ್ಲ ಕಡೆ ಒಂದೇ ಆಳವೂ ಇರುವುದಿಲ್ಲ. ಜನ ಸಾಲು ನಿಲ್ಲುವ ಕಡೆ, ಅಂದರೆ ಗೇಟು, ಊಟದ ಮಳಿಗೆ, ನಲ್ಲಿ, ಶೌಚಾಲಯದ ಮುಂದೆ, ವೇದಿಕೆಯ ಮುಂಭಾಗದಲ್ಲಿ ಅದು ಅತಿ ಆಳ. ಜನ ನಡೆದ ಹಾದಿ ಬಿಟ್ಟು ಒಂದೆರಡು ಮೀಟರ್ ಪಕ್ಕದಲ್ಲಿ, ಹುಲ್ಲಿನ ಬೇರು ಇನ್ನೂ ಹಿಡಿದಿರುವ ಕಡೆ ಕಾಲಿಡಿ. ಆದರೆ ಕೆಸರು ತಪ್ಪಿಸಲು ಗದ್ದೆಯ ಬದು ಹತ್ತಬೇಡಿ. ಅಪತಾನಿಗಳು ಗದ್ದೆಯ ನೀರಿನಲ್ಲಿ ಮೀನು ಸಾಕುತ್ತಾರೆ, ಬದುವಿನ ಮೇಲೆ ರಾಗಿ ಬೆಳೆಯುತ್ತಾರೆ. ಹೌದು, ನಮ್ಮ ರಾಗಿಯೇ. ಬದು ಒಡೆದರೆ ನೀರೂ ಹೋಯಿತು, ಮೀನೂ ಹೋಯಿತು.

ಇನ್ನು ಶೂ. ನಿಮ್ಮ ಗೆಳೆಯ ಹೇಳಿದ್ದು ಸರಿ. ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಶೂ ಒದ್ದೆ ಹುಲ್ಲಿಗೆ, ಸಣ್ಣ ತೊರೆಗೆ ಒಳ್ಳೆಯದು. ಗಿಣ್ಣಿಗಿಂತ ಮೇಲಿನ ಕೆಸರಿನಲ್ಲಿ ನೀರು ಬರುವುದು ಶೂವಿನ ಬಾಯಿಯಿಂದ. ಬಂದ ಮೇಲೆ, ಹೊರಗಿನ ನೀರು ಒಳಬಿಡದ ಅದೇ ಪೊರೆ ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಆ ಹವೆಯಲ್ಲಿ ಒಮ್ಮೆ ತುಂಬಿದ ಶೂ ಉತ್ಸವ ಮುಗಿಯುವವರೆಗೂ ಒಣಗದು. ಅದನ್ನು ಪ್ರಯಾಣಕ್ಕೆ, ಹಳ್ಳಿ ಸುತ್ತಾಟಕ್ಕೆ ಇಟ್ಟುಕೊಳ್ಳಿ, ದುಡ್ಡು ದಂಡವೇನಲ್ಲ. ಮೈದಾನಕ್ಕೆ ಮೊಣಕಾಲ ಕೆಳಗಿನವರೆಗೆ ಬರುವ ಸಾದಾ ಪಿವಿಸಿ ಗಮ್‌ಬೂಟ್, ನಮ್ಮ ಕಾಫಿ ತೋಟಗಳಲ್ಲಿ ಹಾಕುತ್ತಾರಲ್ಲ ಅದೇ ಸಾಕು. ಜಿರೋದ ಪೇಟೆ ಹಾಪೋಲಿಯಲ್ಲೂ ಸಿಗುತ್ತದೆ, ಆದರೆ ನಿಮ್ಮ ಕಾಲು 10ನೇ ಅಳತೆಗಿಂತ ದೊಡ್ಡದಾದರೆ ಇಲ್ಲಿಂದಲೇ ಒಯ್ಯುವುದು ಜಾಣತನ. ವಿಮಾನ ಹತ್ತುವಾಗ ಕಾಲಿಗೇ ಹಾಕಿಕೊಂಡರೆ ಲಗೇಜಿನ ತೂಕ ಉಳಿಯುತ್ತದೆ. ನೋಡುವವರು ನೋಡಲಿ.

ದಪ್ಪ ಕಾಲ್ಚೀಲ ಹಾಕಿಕೊಂಡು ಗಮ್‌ಬೂಟಿನ ಅಳತೆ ನೋಡಿ. ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಇರಬೇಕು, ಹಿಮ್ಮಡಿ ಒಳಗೆ ಕುಣಿಯಬಾರದು. ಕಾಲ್ಚೀಲ ಬೂಟಿನ ಅಂಚಿಗಿಂತ ಎತ್ತರ ಇರಬೇಕು. ಇಲ್ಲದಿದ್ದರೆ ರಬ್ಬರ್ ಅಂಚು ಮೀನಖಂಡವನ್ನು ಉಜ್ಜಿ ಮೊದಲ ಸಂಜೆಗೇ ಗಾಯ. ಒಂದು ವಾರ ಮುಂಚೆ ದಿನಕ್ಕೊಂದು ಗಂಟೆ ಮನೆಯಲ್ಲೇ ಹಾಕಿ ಓಡಾಡಿ. ಗಮ್‌ಬೂಟಿನ ದೋಷವನ್ನೂ ಹೇಳಬೇಕು: ಗಿಣ್ಣಿಗೆ ಆಸರೆ ಕೊಡುವುದಿಲ್ಲ, ಗಾಳಿಯಾಡುವುದಿಲ್ಲ, ಮಳೆಯಿಲ್ಲದಿದ್ದರೂ ಬೆವರಿನಿಂದಲೇ ಕಾಲ್ಚೀಲ ಒದ್ದೆಯಾಗುತ್ತದೆ. ಅದಕ್ಕೇ ಮಧ್ಯಾಹ್ನ ಒಮ್ಮೆ ಬಿಚ್ಚಿ, ಪಾದ ಒರೆಸಿ, ಹದಿನೈದು ನಿಮಿಷ ಗಾಳಿಗೆ ಬಿಟ್ಟು ಬೇರೆ ಕಾಲ್ಚೀಲ ಹಾಕಿಕೊಳ್ಳಬೇಕು. ನಾಲ್ಕು ದಿನಕ್ಕೆ ತಲೆಗೆ ಆರು ಜೊತೆ ಕಾಲ್ಚೀಲ ಬೇಕು. ಅದರಲ್ಲಿ ಎರಡು ಜೊತೆ ಉಣ್ಣೆಯದು, ರಾತ್ರಿಗೆ ಮಾತ್ರ.

ಬೂಟು ಕೆಸರಲ್ಲಿ ಹೂತರೆ ನೇರ ಮೇಲಕ್ಕೆ ಎಳೆಯಬೇಡಿ. ಕೆಸರು ಹಿಡಿದಿರುವುದು ಅಂಟಿನಿಂದಷ್ಟೇ ಅಲ್ಲ, ಅಡಿಯಲ್ಲಿ ಗಾಳಿ ಹೋಗಲು ಸಂದಿಲ್ಲದ್ದರಿಂದ. ಎಳೆದರೆ ಕಾಲು ಬರುತ್ತದೆ, ಬೂಟು ಅಲ್ಲೇ ಉಳಿಯುತ್ತದೆ. ಹಿಮ್ಮಡಿಯನ್ನು ಆಚೀಚೆ ಅಲುಗಿಸಿ ಸಂದು ಮಾಡಿ, ಬೂಟಿನ ಅಂಚು ಕೈಯಲ್ಲಿ ಹಿಡಿದು, ಹಿಮ್ಮಡಿ ಮೊದಲು, ಬೆರಳು ಆಮೇಲೆ ಬರುವಂತೆ ಎತ್ತಿ. ನಡೆಯುವಾಗ ಹೆಜ್ಜೆ ಚಿಕ್ಕದಿರಲಿ, ಪಾದ ಚಪ್ಪಟೆಯಾಗಿ ಊರಿ. ಗದ್ದೆಯಲ್ಲಿ ನಾಟಿ ಹಾಕುವವರು ನಡೆಯುವುದನ್ನು ನೋಡಿದ್ದರೆ ಬೇರೆ ಪಾಠ ಬೇಡ.

ಬಟ್ಟೆಯಲ್ಲಿ ಒಂದೇ ಕಟ್ಟುನಿಟ್ಟು: ಜೀನ್ಸ್ ಬೇಡ. ನೆನೆದ ಜೀನ್ಸ್ ಭಾರ, ತೊಡೆ ಉಜ್ಜುತ್ತದೆ, ಎರಡು ದಿನವಾದರೂ ಒಣಗುವುದಿಲ್ಲ. ಹತ್ತಿ ಟೀ ಶರ್ಟೂ ಮೈಗಂಟಿಕೊಂಡು ಶಾಖ ಹೀರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಶಾಖ ಸಾಗಿಸುತ್ತದೆ, ಅದಕ್ಕೇ ಅಲ್ಲಿನ ರಾತ್ರಿಯ 15 ಡಿಗ್ರಿ ಆಸುಪಾಸಿನ ಹವೆಯೂ ನೆನೆದವರಿಗೆ ಹಲ್ಲು ಕಟಕಟಿಸುವ ಚಳಿ. ಕೆಳಗೆ ತೆಳು ಪಾಲಿಯೆಸ್ಟರ್ ಪ್ಯಾಂಟು, ಮೇಲೆ ಪಾಲಿಯೆಸ್ಟರ್ ಅಥವಾ ಉಣ್ಣೆಯ ಒಳಂಗಿ, ಅದರ ಮೇಲೆ ತೆಳು ಫ್ಲೀಸ್, ಹೊರಗೆ ತೊಡೆ ಮುಚ್ಚುವ ರೇನ್‌ಕೋಟ್. ಕೊಡೆ ಒಯ್ಯಬೇಡಿ. ಜನಸಂದಣಿಯಲ್ಲಿ ಕಡ್ಡಿ ಇನ್ನೊಬ್ಬರ ಕಣ್ಣಿಗೆ, ನೀರು ಹಿಂದಿನವರ ತಲೆಗೆ, ವೇದಿಕೆ ಯಾರಿಗೂ ಕಾಣದು. ಬಳಸಿ ಬಿಸಾಡುವ ತೆಳು ಪ್ಲಾಸ್ಟಿಕ್ ಪಾಂಚೋ ಒಂದು ಗಾಳಿಗೆ ಹರಿದು ಕೆಸರು ಸೇರುತ್ತದೆ, ಆಮೇಲೆ ಅದನ್ನು ಹೆಕ್ಕುವವರು ಆ ಊರಿನವರು. ದಪ್ಪ ಪಾಂಚೋ ಆದರೆ ಬೆನ್ನಿನ ಚೀಲವನ್ನೂ ಸೇರಿಸಿ ಮುಚ್ಚುತ್ತದೆ, ಗಾಳಿಯಾಡುತ್ತದೆ. ನಮ್ಮ ಮಲೆನಾಡಿನ ಕಂಬಳಿಕೊಪ್ಪೆಯ ಲೆಕ್ಕವೇ.

ಈಗ ನಿಮ್ಮ ಟೆಂಟಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಚಿಕ್ಕಮಗಳೂರಿನಲ್ಲಿ ಟೆಂಟು ಸೋರಿರಲಿಕ್ಕಿಲ್ಲ. 2,000 ಮಿ.ಮೀ. ಎಂದರೆ ಬಟ್ಟೆಯ ಮೇಲೆ ಎರಡು ಮೀಟರ್ ಎತ್ತರದ ನೀರಿನ ಕಂಬ ನಿಂತರೂ ಹನಿ ಒಳಬರುವುದಿಲ್ಲ ಎಂದರ್ಥ. ಮೇಲಿನ ಹೊದಿಕೆಗೆ ಇಷ್ಟು ಧಾರಾಳ ಸಾಕು. ಹಾಗಾದರೆ ನೀರು ಎಲ್ಲಿಯದು? ನಿಮ್ಮ ಉಸಿರಿನದು. ಒಬ್ಬರ ಉಸಿರು, ಮೈಯಾವಿ ಸೇರಿ ರಾತ್ರಿಗೆ ಕಾಲು ಲೀಟರಿನಷ್ಟು ನೀರು ಗಾಳಿ ಸೇರುತ್ತದೆ. ಇಬ್ಬರಿಗೆ ಅರ್ಧ ಲೀಟರ್. ಮಳೆಗೆ ಹೆದರಿ ಎಲ್ಲ ಜಿಪ್ಪು, ಕಿಂಡಿ ಮುಚ್ಚಿದರೆ ಆ ಆವಿ ತಣ್ಣನೆಯ ಹೊದಿಕೆಗೆ ತಾಗಿ ಹನಿಗಟ್ಟಿ ಇಳಿಯುತ್ತದೆ. ಸ್ಲೀಪಿಂಗ್ ಬ್ಯಾಗ್ ಕಾಲಿನ ಕಡೆ ಮಾತ್ರ ನೆನೆದಿತ್ತು ಎಂದಿರಿ. ಅದು ಗೋಡೆಗೆ ತಾಗಿಕೊಂಡಿದ್ದರ ಗುರುತು. ಮೂಲೆಯಲ್ಲಿ ನೀರು ನಿಂತಿದ್ದರೆ ಹೊಲಿಗೆಯ ದೋಷ, ನೆಲದ ನಡುವೆ ಮೊಣಕಾಲು ಊರಿದ ಕಡೆ ಒದ್ದೆಯಾದರೆ ತಳದ ಬಟ್ಟೆ ಸಾಲದು. ಮೊಣಕಾಲು, ಮೊಣಕೈ ಊರಿದಾಗ ಬೀಳುವ ಒತ್ತಡ ಮಳೆಹನಿಯದಕ್ಕಿಂತ ಬಹಳ ಹೆಚ್ಚು, ಹಾಗಾಗಿ ತಳಕ್ಕೆ 3,000ದಿಂದ 5,000 ಮಿ.ಮೀ. ಬೇಕು.

ಊಹೆ ಬೇಡ, ತಾರಸಿಯ ಮೇಲೆ ಪರೀಕ್ಷೆ ಮಾಡಿ. ಮೂಲೆಗಳನ್ನು ನೀರಿನ ಕ್ಯಾನಿಗೆ ಕಟ್ಟಿ ಟೆಂಟ್ ಬಿಗಿಯಾಗಿ ನಿಲ್ಲಿಸಿ, ಒಳಗೆ ನೆಲದ ತುಂಬ ಒಣ ಪೇಪರ್ ಹಾಸಿ, ಹೊರಗಿನಿಂದ ಇಪ್ಪತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಪೇಪರ್ ಎಲ್ಲಿ ಕಪ್ಪಾಯಿತೋ ಅದರ ಮೇಲಿನ ಹೊಲಿಗೆ ನೋಡಿ. ಸೀಮ್ ಸೀಲರ್, ಅಂದರೆ ಹೊಲಿಗೆಯ ಸಂದು ಮುಚ್ಚುವ ಅಂಟು, ಹಚ್ಚುವ ಮುಂಚೆ ಬಟ್ಟೆಯ ಲೇಪ ಯಾವುದೆಂದು ತಿಳಿಯಿರಿ. ಪಾಲಿಯುರಿಥೇನ್ ಲೇಪಕ್ಕೆ ಪಾಲಿಯುರಿಥೇನ್ ಸೀಲರ್, ಸಿಲಿಕಾನ್ ಲೇಪಕ್ಕೆ ಸಿಲಿಕಾನಿನದು. ಅದಲುಬದಲಾದರೆ ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ. ಹಚ್ಚಿದ ಮೇಲೆ ಒಂದು ದಿನ ಒಣಗಲು ಬಿಡಿ.

ಅಲ್ಲಿ ಟೆಂಟ್ ಹಾಕುವಾಗ ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ, ಜಾಗ ಸುತ್ತಲಿಗಿಂತ ಒಂದು ಗೇಣಾದರೂ ಎತ್ತರವಿರಲಿ. ಟೆಂಟಿನ ಕೆಳಗೆ ಹಾಸುವ ಟಾರ್ಪಾಲು ಎಲ್ಲ ಬದಿಗೂ ಟೆಂಟಿಗಿಂತ ಐದು ಸೆಂ.ಮೀ. ಒಳಗಿರಬೇಕು. ಹೊರಗೆ ಚಾಚಿದರೆ ಹೊದಿಕೆಯಿಂದ ಇಳಿದ ನೀರನ್ನು ಅದೇ ಹಿಡಿದು ನಿಮ್ಮ ಬೆನ್ನಡಿಗೆ ತರುತ್ತದೆ. ಒದ್ದೆ ಟೆಂಟುಗಳ ಅರ್ಧ ದೂರು ಈ ಒಂದು ತಪ್ಪಿನದು. ಟೆಂಟಿನ ಜೊತೆ ಬರುವ ತಂತಿಯಂಥ ಗೂಟ ಆ ಮಣ್ಣಲ್ಲಿ ನಿಲ್ಲದು. 25–30 ಸೆಂ.ಮೀ. ಉದ್ದದ, ವಿ ಆಕಾರದ ಗೂಟ ಒಯ್ಯಿರಿ, ಇಲ್ಲವೇ ಅಲ್ಲಿನ ಬಿದಿರಿನದ್ದು ಮಾಡಿಸಿ, ತಲೆ ಟೆಂಟಿನಿಂದ ಆಚೆ ವಾಲುವಂತೆ ಹೊಡೆಯಿರಿ. ಸುತ್ತ ಕಾಲುವೆ ತೋಡುವ ಹಳೆಯ ಪದ್ಧತಿ ಬೇಡ. ಅದು ಪಕ್ಕದವರ ಟೆಂಟಿಗೆ ನೀರು ಕಳಿಸುತ್ತದೆ, ನೆಲವನ್ನೂ ಹಾಳು ಮಾಡುತ್ತದೆ. ನೈಲಾನ್ ಬಟ್ಟೆ ನೆನೆದಾಗ ಜೋಲುತ್ತದೆ, ಮಲಗುವ ಮುಂಚೆ ಹಗ್ಗವನ್ನೆಲ್ಲ ಇನ್ನೊಮ್ಮೆ ಬಿಗಿಯಿರಿ. ಮತ್ತೆ, ಮಳೆ ಬರುತ್ತಿದ್ದರೂ ಮೇಲಿನ ಕಿಂಡಿ ತೆರೆದೇ ಇರಲಿ.

ಇಷ್ಟೆಲ್ಲ ಬೇಡ ಎನಿಸಿದರೆ ಬೇರೆ ಎರಡು ದಾರಿಗಳಿವೆ. ಬಾಡಿಗೆಗೆ ಟೆಂಟ್ ಕೊಡುವ ಶಿಬಿರಗಳಲ್ಲಿ ಹೊರೆ ಕಡಿಮೆ, ಆದರೆ ಜಾಗವನ್ನು ಆರಿಸುವವರು ಅವರು. ಹೋದ ಕೂಡಲೇ ತಗ್ಗಿನ ಟೆಂಟ್ ಕೊಟ್ಟರೆ ಆಗಲೇ ಬದಲಿಸಿಕೊಳ್ಳಿ, ರಾತ್ರಿ ಹತ್ತಕ್ಕೆ ಆಗದು. ಇನ್ನೊಂದು, ಹೊಂಗ್, ಹಿಜಾ, ಹರಿಯಂಥ ಅಪತಾನಿ ಹಳ್ಳಿಗಳ ಹೋಮ್‌ಸ್ಟೇ. ನಾಲ್ವರಲ್ಲಿ ಒಬ್ಬರಿಗೆ ವೀಸಿಂಗ್ ಇರುವುದರಿಂದ ನನ್ನ ಮತ ಇದಕ್ಕೇ, ಒಂದು ಷರತ್ತಿನ ಮೇಲೆ: ಅಲ್ಲಿನ ಮನೆಗಳಲ್ಲಿ ನಡುಮನೆಯಲ್ಲೇ ಒಲೆ ಉರಿಯುವುದುಂಟು, ಆ ಹೊಗೆ ವೀಸಿಂಗ್ ಇರುವವರಿಗೆ ಆಗದು. ಒಲೆಯಿಂದ ದೂರದ ಕೋಣೆ ಇದೆಯೇ ಎಂದು ಬುಕ್ ಮಾಡುವಾಗಲೇ ಕೇಳಿ. ಹೋಮ್‌ಸ್ಟೇಯಲ್ಲಿ ಕಳೆದುಕೊಳ್ಳುವುದೂ ಇದೆ. ರಾತ್ರಿಯ ಕೊನೆಯ ಬ್ಯಾಂಡ್ ಮುಗಿದ ಮೇಲೆ ಹಳ್ಳಿಗೆ ಹೋಗಲು ವಾಹನವನ್ನು ಮೊದಲೇ ಮಾತಾಡಿಟ್ಟಿರಬೇಕು. ವೀಸಿಂಗ್ ಇರುವವರ ಇನ್ಹೇಲರ್ ಟೆಂಟಿನಲ್ಲಲ್ಲ, ಮೈಮೇಲಿನ ಜೇಬಿನಲ್ಲಿರಲಿ, ಇನ್ನೊಂದು ಗೆಳತಿಯ ಬಳಿ.

ಎಲ್ಲಿ ಮಲಗಿದರೂ ಒಂದು ‘ಒಣ ಸೆಟ್’ ಕಟ್ಟಿ. ಮಲಗುವ ಅಂಗಿ ಪ್ಯಾಂಟು, ಉಣ್ಣೆ ಕಾಲ್ಚೀಲ, ಟೋಪಿ, ತೆಳುವಾದ ಪಾಣಿಪಂಚೆ, ಸ್ಲೀಪಿಂಗ್ ಬ್ಯಾಗ್. ಇವನ್ನು ದಪ್ಪ ಕಸದ ಚೀಲವೊಂದಕ್ಕೆ ತುಂಬಿ, ಬಾಯಿ ತಿರುಚಿ ಕಟ್ಟಿ, ಬೆನ್ನಚೀಲದೊಳಗೆ ಇಡಿ. ಹೊರಗಿನ ರೇನ್‌ಕವರ್ ನಂಬಬೇಡಿ. ಬೆನ್ನಿಗೆ ತಾಗುವ ಬದಿ ಅದಕ್ಕೆ ಮುಚ್ಚುವುದಿಲ್ಲ, ಕುತ್ತಿಗೆಯಿಂದ ಇಳಿದ ನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ. ಈ ಸೆಟ್ಟನ್ನು ಹಗಲು ಎಷ್ಟೇ ಚಳಿಯಾದರೂ ಹಾಕಬೇಡಿ. ಬೆಳಗ್ಗೆ ಎದ್ದು ಒಣ ಬಟ್ಟೆ ಕಳಚಿ ನಿನ್ನೆಯ ಒದ್ದೆ ಪ್ಯಾಂಟು ಏರಿಸುವ ಎರಡು ನಿಮಿಷ ಹಿಂಸೆಯೇ. ಮೈಶಾಖಕ್ಕೆ ಅದು ಹತ್ತು ನಿಮಿಷದಲ್ಲಿ ಬೆಚ್ಚಗಾಗುತ್ತದೆ. ಬೂಟು ಬಿಚ್ಚುವುದು ಟೆಂಟಿನ ಬಾಗಿಲಾಚೆ. ಒಳಗೆ ಪೇಪರ್ ತುರುಕಿ, ಒಂದು ಗಂಟೆಯ ಮೇಲೆ ಬದಲಿಸಿ, ಬಾಯಿ ಕೆಳಗೆ ಮಾಡಿ ಮಲಗಿಸಿಡಿ.

ಅಮ್ಮನ ಮಾತಿಗೆ ಬರೋಣ. ಶೀತ, ನ್ಯುಮೋನಿಯಾ ತರುವುದು ವೈರಸ್, ಬ್ಯಾಕ್ಟೀರಿಯಾ, ಮಳೆಹನಿಯಲ್ಲ. ಆದರೆ ನೆನೆದ ಮೈಯಲ್ಲಿ ಗಂಟೆಗಟ್ಟಲೆ ಗಾಳಿಗೆ ನಿಲ್ಲಬೇಡ ಎಂಬ ಅವರ ಕಾಳಜಿ ತಪ್ಪಲ್ಲ. ಮೈಶಾಖ ಇಳಿಯುವುದಕ್ಕೆ ಹಿಮ ಬೀಳಬೇಕೆಂದಿಲ್ಲ. ತಡೆಯಲಾಗದ ನಡುಕ, ಮಾತು ತೊದಲುವುದು, ಜಿಪ್ಪು ಎಳೆಯಲೂ ಬೆರಳು ತಡವರಿಸುವುದು ಕಂಡರೆ ಹಾಡು ಬಿಟ್ಟು ಹೊರಗೆ ಕರೆತನ್ನಿ. ಒದ್ದೆ ಕಳಚಿ, ಒಣ ಸೆಟ್ ಹಾಕಿಸಿ, ಸಿಹಿಯಾದ ಬಿಸಿ ಚಹಾ ಕೊಡಿ. ನಡುಕ ನಿಂತು ಮಂಕಾದರೆ ಅದು ಗುಣವಾದ ಲಕ್ಷಣವಲ್ಲ, ಕೂಡಲೇ ವೈದ್ಯಕೀಯ ಸಹಾಯ ಬೇಕು. ಅಲ್ಲಿನ ಅಕ್ಕಿ ಬಿಯರ್ ಕುಡಿದರೆ ಚಳಿ ಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆ. ರುಚಿಗೆ ಕುಡಿಯಿರಿ, ಚಳಿಗಲ್ಲ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸುವುದರಿಂದ ಮೈ ಬೆಚ್ಚಗಾದಂತೆ ಅನಿಸುತ್ತದೆ, ಒಳಗಿನ ಶಾಖ ಮಾತ್ರ ಹೊರಗೆ ಹೋಗುತ್ತಿರುತ್ತದೆ. ಚಳಿಯೆಂದು ಟೆಂಟಿನೊಳಗೆ ಸ್ಟವ್, ಕೆಂಡ ಮಾತ್ರ ಯಾವ ಕಾರಣಕ್ಕೂ ತರಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಪಾದದ ಕತೆ ನಮ್ಮ ಗದ್ದೆಯವರಿಗೆ ಗೊತ್ತಿರುವ ಕೆಸರುಹುಣ್ಣಿನದೇ. ಚರ್ಮ ಬಿಳಿಚಿ, ಸುಕ್ಕಾಗಿ, ಜೋಮು ಹಿಡಿದರೆ ಅದು ಎಚ್ಚರಿಕೆ. ತೊಳೆದು, ಬೆರಳ ಸಂದಿಯನ್ನೂ ಒರೆಸಿ, ಒಣ ಕಾಲ್ಚೀಲದಲ್ಲಿ ರಾತ್ರಿಯಿಡೀ ಬಿಡಿ. ಬೆಂಕಿಗೆ ಹಿಡಿಯಬೇಡಿ, ಜೋಮು ಹಿಡಿದ ಚರ್ಮಕ್ಕೆ ಸುಟ್ಟದ್ದೂ ತಿಳಿಯದು. ಬರಿಗಾಲಲ್ಲಿ ಕೆಸರಾಟ ಚಿತ್ರಕ್ಕೆ ಚೆನ್ನ, ಆದರೆ ಕೆಸರೊಳಗೆ ಟೆಂಟಿನ ಗೂಟ, ಬಿದಿರ ಸೀಳು ಇರುತ್ತವೆ. ಗಾಯದ ಮೂಲಕ ನಿಂತ ನೀರಿನಿಂದ ಇಲಿಜ್ವರ ಬರಬಹುದು. ಟೆಟನಸ್ ಚುಚ್ಚುಮದ್ದಿಗೆ ಹತ್ತು ವರ್ಷ ದಾಟಿದ್ದರೆ ಹಾಕಿಸಿಕೊಂಡೇ ಹೋಗಿ.

ಸಿಡಿಲಿನ ಭಯ ಸರಿಯಾದ ಭಯ. ಟೆಂಟು ಸಿಡಿಲಿಗೆ ಆಸರೆಯಲ್ಲ, ಒಂಟಿ ಮರವೂ ಅಲ್ಲ. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಆಗ ಗಟ್ಟಿ ಕಟ್ಟಡಕ್ಕೋ ಲೋಹದ ಮಾಡಿನ ವಾಹನಕ್ಕೋ ಹೋಗಿ, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಿರಿ. ಬಿರುಗಾಳಿಯಲ್ಲಿ ವೇದಿಕೆ, ಸ್ಪೀಕರ್ ಗೋಪುರಗಳಿಂದ ದೂರ ಸರಿಯಿರಿ. 2011ರ ಆಗಸ್ಟಿನಲ್ಲಿ ಅಮೆರಿಕದ ಇಂಡಿಯಾನಾದಲ್ಲಿ, ಅದೇ ವಾರ ಬೆಲ್ಜಿಯಂನ ಪುಕ್ಕೆಲ್‌ಪಾಪ್ ಉತ್ಸವದಲ್ಲಿ ಗಾಳಿಗೆ ಕುಸಿದ ರಚನೆಗಳಡಿ ಜನ ಸತ್ತರು. ಕಾರ್ಯಕ್ರಮ ನಿಲ್ಲಿಸಿದರೆ ಸಂಘಟಕರ ಮೇಲೆ ಸಿಟ್ಟಾಗಬೇಡಿ. ನೀರಲ್ಲಿ ಬಿದ್ದ ವಿದ್ಯುತ್ ಕೇಬಲ್ ದಾಟಬೇಡಿ, ಸುತ್ತಿ ಹೋಗಿ.

ಫೋನನ್ನು ಜಿಪ್‌ಲಾಕ್ ಚೀಲದಲ್ಲಿಟ್ಟು ಆ ಚೀಲದ ಮೇಲಿಂದಲೇ ಬಳಸಿ. ಫೋನು ನೀರು ತಡೆಯುತ್ತದೆ ಎಂದು ಹೇಳುವ ಐಪಿ68 ಎಂಬ ಮುದ್ರೆ ಶುದ್ಧ ನೀರಿನ ಪರೀಕ್ಷೆಯದು, ಕೆಸರಿಗಲ್ಲ. ನೆನೆದರೆ ಅಕ್ಕಿಯೊಳಗೆ ಹೂಳುವುದು ವ್ಯರ್ಥ, ಪುಡಿ ಪೋರ್ಟಿಗೆ ಸೇರುತ್ತದೆ ಅಷ್ಟೇ. ಪೋರ್ಟ್ ಕೆಳಗೆ ಮಾಡಿ ಕೊಡವಿ, ಗಾಳಿಗಿಡಿ, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ. ಪವರ್‌ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಸ್ಟವ್ವಿನ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯುವಂತೆಯೇ ಇಲ್ಲ.

ನೀವು ಕೇಳದ ಒಂದು ವಿಷಯವೇ ಪ್ರವಾಸ ಕೆಡಿಸುವ ಸಾಧ್ಯತೆ ಹೆಚ್ಚು: ರಸ್ತೆ. ನಾಹರ್‌ಲಾಗುನ್ ರೈಲು ನಿಲ್ದಾಣ ಅಥವಾ ಹೊಲ್ಲೊಂಗಿ ವಿಮಾನ ನಿಲ್ದಾಣದಿಂದ ಜಿರೋಗೆ ನೂರು ಕಿ.ಮೀ.ಗೂ ಹೆಚ್ಚು ಗುಡ್ಡದ ದಾರಿ, ಮಳೆಯಿಲ್ಲದಾಗಲೇ ನಾಲ್ಕು ಗಂಟೆಯ ಮೇಲೆ. ಗುಡ್ಡ ಜರಿದರೆ ಎಷ್ಟು ಹೊತ್ತೆಂದು ಯಾರೂ ಹೇಳಲಾರರು. ಹಿಂದಿರುಗುವ ವಿಮಾನಕ್ಕೂ ಉತ್ಸವದ ಕೊನೆಗೂ ನಡುವೆ ಒಂದು ಪೂರ್ತಿ ದಿನ ಖಾಲಿ ಇರಲಿ. ಇನ್ನರ್ ಲೈನ್ ಪರ್ಮಿಟ್ ಇಲ್ಲದೆ ಅರುಣಾಚಲದೊಳಗೆ ಬಿಡುವುದಿಲ್ಲ. ಆನ್‌ಲೈನಿನಲ್ಲಿ ಮೊದಲೇ ಮಾಡಿಸಿ, ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ, ಫೋನ್ ನೆನೆದಾಗ ಅದೇ ಗತಿ.

ಹೋದ ಮೇಲೆ ಓಡಾಟ ಕಡಿಮೆ ಮಾಡಿ. ಕೆಸರಲ್ಲಿ ಟೆಂಟಿಗೆ ಒಮ್ಮೆ ಹೋಗಿ ಬಂದರೆ ಮುಕ್ಕಾಲು ಗಂಟೆ, ಒಂದೆರಡು ಹಾಡು ಹೋದಂತೆ. ಮಧ್ಯಾಹ್ನ ಹೊರಡುವಾಗಲೇ ಹೆಡ್‌ಲ್ಯಾಂಪ್, ಒಂದು ಜೊತೆ ಕಾಲ್ಚೀಲ, ಫ್ಲೀಸ್, ಕಡಲೆಬೀಜ ಬೆಲ್ಲ, ನೀರು, ಕೂರಲು ಒಂದಡಿಯ ಫೋಮ್ ತುಂಡು ಸಣ್ಣ ಚೀಲಕ್ಕೆ ಹಾಕಿಕೊಂಡರೆ ರಾತ್ರಿಯವರೆಗೆ ಚಿಂತೆಯಿಲ್ಲ. ನಿಲ್ಲುವ ಜಾಗಕ್ಕೆ ವೇದಿಕೆಯ ಅಡಿಯನ್ನು ಆರಿಸಬೇಡಿ, ಅಲ್ಲಿ ಕೆಸರೂ ಹೆಚ್ಚು, ಶಬ್ದವೂ ಕಲಸುಮೇಲೋಗರ. ಧ್ವನಿ ಹೊಂದಿಸುವವರು ಮೈದಾನದ ನಡುವೆ ಕೂತಿರುತ್ತಾರಲ್ಲ, ಅವರ ಅಕ್ಕಪಕ್ಕ ನಿಲ್ಲಿ. ಅವರ ಕಿವಿಗೆ ಕೇಳುವಂತೆಯೇ ಸಂಗೀತವನ್ನು ಹೊಂದಿಸಿರುತ್ತಾರೆ, ಕಾಲಡಿಯ ನೆಲವೂ ಅಷ್ಟು ತುಳಿತಕ್ಕೆ ಸಿಕ್ಕಿರುವುದಿಲ್ಲ. ಮಳೆ ಜೋರಾದಾಗ ಅರ್ಧ ಜನ ಮಾಡು ಹುಡುಕಿ ಹೋಗುತ್ತಾರೆ. ರೇನ್‌ಕೋಟ್ ಇದ್ದು, ಗುಡುಗಿಲ್ಲದಿದ್ದರೆ, ಮುಂದೆ ಹೋಗಿ ನೋಡಲು ಅದೇ ಸಮಯ.

ಊರಿಗೆ ಬಂದ ದಿನವೇ ಟೆಂಟನ್ನು ಚೀಲದಿಂದ ತೆಗೆದು ನೆರಳಲ್ಲಿ ಹರವಿ. ಒದ್ದೆಯಾಗಿ ಮಡಚಿಟ್ಟರೆ ಬೂಷ್ಟು ಹಿಡಿದು ಒಳಲೇಪ ಅಂಟಂಟಾಗುತ್ತದೆ, ಅದಕ್ಕೆ ರಿಪೇರಿಯಿಲ್ಲ. ಒಂದು ತಿಂಗಳೊಳಗೆ ನಾಲ್ವರಲ್ಲಿ ಯಾರಿಗಾದರೂ ಜ್ವರ ಬಂದರೆ ಪ್ಯಾರಸಿಟಮಾಲ್ ನುಂಗಿ ಕಾಯಬೇಡಿ. ಅರುಣಾಚಲಕ್ಕೆ ಹೋಗಿದ್ದು, ಕೆಸರಲ್ಲಿ ಓಡಾಡಿದ್ದು, ದಾರಿಯಲ್ಲಿ ಅಸ್ಸಾಮಿನ ತಪ್ಪಲಲ್ಲಿ ಸೊಳ್ಳೆ ಕಚ್ಚಿದ್ದು ಎಲ್ಲವನ್ನೂ ವೈದ್ಯರಿಗೆ ಮೊದಲ ಭೇಟಿಯಲ್ಲೇ ಹೇಳಿ. ಇಲಿಜ್ವರ, ಮಲೇರಿಯಾ, ಸ್ಕ್ರಬ್ ಟೈಫಸ್ (ಹುಲ್ಲು, ಪೊದೆಯ ಸಣ್ಣ ಹುಳು ಕಚ್ಚಿ ಬರುವ ಜ್ವರ) ಇವುಗಳಿಗೆ ಯಾವ ಪರೀಕ್ಷೆ ಬರೆಯಬೇಕೆಂದು ಆಗ ಅವರಿಗೆ ಹೊಳೆಯುತ್ತದೆ.